ಕಾಲಿನದೋ ಕಣ್ಣಿನದೋ

ಅಮ್ಮಯಮ್ಮ ಬಗ್ಗಿದ್ದನ್ನು ಬೈರೇಶ್ ನೋಡದೇ ಇದ್ದಿದ್ದರೆ ಆ ಭಾನುವಾರವೂ ಬೇರೆ ಭಾನುವಾರಗಳ ಹಾಗೆ ಕಳೆದುಹೋಗುತ್ತಿತ್ತು. ಊರ ಡೈರಿಯಲ್ಲಿ ಅವನು ಬೆಳಗಿನ ಹಾಲು ಅಳೆದು ಮುಗಿದಿತ್ತು, ಲಾರಿ ಹೋಗಿತ್ತು. ಡೈರಿಯೊಳಗೆ ಚಪ್ಪಲಿ ಹಾಕುವ ಪದ್ಧತಿ ಇಲ್ಲವಾದ್ದರಿಂದ ಅವನು ಷಟರ್ ಎಳೆದು, ಚಪ್ಪಲಿ ಬಿಟ್ಟಿದ್ದ ಹುಣಸೆಮರದ ಬುಡದ ತನಕ ಬರಿಗಾಲಲ್ಲಿ ನಡೆಯುತ್ತಿದ್ದ. ಕ್ಯಾನು ತೊಳೆದ ನೀರು ಹರಿದು ಕೆಸರಾಗಿದ್ದ ಕಡೆ ಬಿಟ್ಟು, ಒಣಗಿದ ಪುಡಿಮಣ್ಣಿನ ಮೇಲೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದ. ಹಿಂದೆ ಖಾಲಿ ಕ್ಯಾನು ಕೆಳಗಿಟ್ಟ ಸದ್ದಾಯಿತು. ಮುದುಕಿ ಏನೋ ಬೀಳಿಸಿಕೊಂಡಳು, ಕಣ್ಣು ಬೇರೆ ಮಂಜು, ಹುಡುಕಿಕೊಡೋಣ ಎಂದು ತಿರುಗಿದ. ಅವಳು ಏನೂ ಬೀಳಿಸಿಕೊಂಡಿರಲಿಲ್ಲ. ಅವನ ಎಡಗಾಲು ಮೂಡಿದ್ದ ಕಡೆಯಿಂದ ಒಂದು ಚಿಟಿಕೆ ಮಣ್ಣೆತ್ತಿ ಸೆರಗಿನ ತುದಿಗೆ ಹಾಕಿ ಗಂಟು ಕಟ್ಟುತ್ತಿದ್ದಳು. ಗಂಟು ಬಿಗಿಯಲು ಸೆರಗನ್ನು ಹಲ್ಲಿಗೆ ಒಯ್ದಾಗ ಅವನು ನೋಡುತ್ತಿರುವುದು ಅವಳಿಗೆ ತಿಳಿಯಿತು.

"ಏನಾದ್ರೂ ಬಿತ್ತಾ ದೊಡ್ಡಮ್ಮ?" ಎಂದ. ಕೇಳಬೇಕಾಗಿರಲಿಲ್ಲ.

"ಓಲೆ ತಿರುಪು ಕಣಪ್ಪ," ಎಂದಳು ಅಮ್ಮಯಮ್ಮ, ಸೆರಗನ್ನು ಸೊಂಟಕ್ಕೆ ಸಿಗಿಸುತ್ತ.

ಅವಳ ಎರಡೂ ಓಲೆಗಳು ಕಿವಿಯಲ್ಲಿ ಭದ್ರವಾಗಿಯೇ ಇದ್ದವು. ಆದರೂ ಬೈರೇಶ್ ಬಗ್ಗಿದ. ಇಬ್ಬರೂ ಸ್ವಲ್ಪ ಹೊತ್ತು, ಇಲ್ಲದ ತಿರುಪನ್ನು ಹುಡುಕಿದರು. ಅವನು ಒಂದು ಕಡ್ಡಿ ತೆಗೆದುಕೊಂಡು ಹುಣಸೆ ಎಲೆ ಸರಿಸಿಯೂ ನೋಡಿದ. ತಾನು ನೋಡಿಬಿಟ್ಟೆನೆಂದು ಅವಳಿಗೆ ಬೇಜಾರಾಗಬಾರದು ಎಂಬುದಷ್ಟೇ ಆಗ ಅವನ ತಲೆಯಲ್ಲಿತ್ತು. ಕೊನೆಗೆ ಅವಳೇ, ಹೋಗ್ಲಿ ಬಿಡಪ್ಪ, ಮನೇಲೇ ಬಿದ್ದಿರ್ತದೆ, ಎಂದು ಅವನನ್ನು ಬಿಡಿಸಿದಳು. ಕ್ಯಾನು ಎತ್ತಿಕೊಂಡು ಬೇಗ ಬೇಗ ಹೋದಳು. ಸೊಂಟದಲ್ಲಿದ್ದ ಆ ಗಂಟು ಕಡಲೆಕಾಳಿನಷ್ಟೂ ಇರಲಿಲ್ಲ.

ಮಗುವಿಗೆ ದೃಷ್ಟಿಯಾಗಿದೆ ಅನ್ನಿಸಿದರೆ, ಯಾರ ಕಣ್ಣೆಂದು ಅನುಮಾನವೋ ಅವರ ಹೆಜ್ಜೆಯ ಮಣ್ಣು ತಂದು, ಉಪ್ಪು, ಒಣಮೆಣಸಿನಕಾಯಿ ಸೇರಿಸಿ, ನಿವಾಳಿಸಿ ಒಲೆಗೆ ಹಾಕುವುದು ಆ ಕಡೆಯಲ್ಲೆಲ್ಲ ಇದೆ. ಮೆಣಸಿನಕಾಯಿ ಸುಟ್ಟರೂ ಘಾಟು ಏಳದಿದ್ದರೆ ದೃಷ್ಟಿ ನಿಜ, ಎದ್ದರೆ ಅಲ್ಲ. ಬೈರೇಶನ ತಾಯಿಯೂ ತೆಗೆಯುತ್ತಿದ್ದಳು. ಅವನೇ ಚಿಕ್ಕವನಿದ್ದಾಗ ಯಾರ್ಯಾರದೋ ಮಣ್ಣು ಅವನ ಮುಖದ ಸುತ್ತ ಸುತ್ತಿದೆ. ತೆಗೆಸಿಕೊಂಡದ್ದು ಬೇರೆ. ಈಗ ಮಣ್ಣು ಅವನದಾಗಿತ್ತು. ಅವನು ದೊಡ್ಡಬಳ್ಳಾಪುರದ ನೂಲಿನ ಅಂಗಡಿಯೊಂದರಲ್ಲಿ ಹಗಲು ದುಡಿದು, ಸಂಜೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದವನು. ಸಮಾಜಶಾಸ್ತ್ರದ ಪರೀಕ್ಷೆಯಲ್ಲಿ ಮೂಢನಂಬಿಕೆಗಳನ್ನು ಕುರಿತು ಟಿಪ್ಪಣಿ ಬರೆದಿದ್ದ. ಆದರೆ ಸಂಜೆ ಓದಿದವನಿಗೆ ಒಂದು ಅನುಮಾನ ಸದಾ ಇರುತ್ತದೆ: ಹಗಲು ಓದಿದವರಿಗೆ ಹೇಳಿಕೊಟ್ಟ ಯಾವುದೋ ಒಂದು ವಿಷಯವನ್ನು ತನಗೆ ಹೇಳಿಕೊಡದೆ ಬಿಟ್ಟಿದ್ದಾರೇನೋ ಎಂದು. ಚಪ್ಪಲಿ ಮೆಟ್ಟಿಕೊಂಡು ಮನೆಗೆ ನಡೆಯುತ್ತಿರುವಾಗ ಅವನಿಗೆ, ದೃಷ್ಟಿ ಎನ್ನುವುದು ಸುಳ್ಳು ಎಂದು ತನಗೆ ಗೊತ್ತಿದೆಯೋ, ಅಥವಾ ಸುಳ್ಳು ಎಂದು ಬರೆಯಲು ಮಾತ್ರ ಗೊತ್ತಿದೆಯೋ ಎಂಬುದು ಸ್ಪಷ್ಟವಾಗಲಿಲ್ಲ.

ಮನೆಯ ಹಿತ್ತಲಲ್ಲಿ ತೊಟ್ಟಿಯ ನೀರು ಮೊಗೆದು ಕಾಲಿಗೆ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ರಂಜಿತ ನಿಂಬೆಹಣ್ಣಿನ ಪಾತ್ರೆ ಹಿಡಿದು ಬಂದು ನಿಂತಳು. ಪಂದ್ಯದ ದಿನ ಹೈಸ್ಕೂಲಿನ ಹಾಕಿ ತಂಡದ ಹುಡುಗಿಯರಿಗೆ ನಿಂಬೆಹಣ್ಣು, ಗ್ಲೂಕೋಸು, ಒದ್ದೆ ಬಟ್ಟೆ ಒಯ್ಯುವುದು ಇವನ ಪಾಲಿನ ಕೆಲಸ. ಎಡಗಾಲಿಗೆ ಮಾತ್ರ ಯಾಕೆ ಸೋಪು ಹಾಕ್ತಿದೀರಿ ಎಂದು ಕೇಳಿದಳು. ಅವನಿಗೆ ತಾನು ಸೋಪು ಹಿಡಿದಿರುವುದೇ ಗೊತ್ತಿರಲಿಲ್ಲ. ಹೇಳಬಾರದು ಎಂದುಕೊಂಡಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಿಲ್ಲದ ಮನೆಯವರ ಕಣ್ಣು ಎಂದ ಮೇಲೆ ಅದು ಒಬ್ಬರ ಕಣ್ಣಲ್ಲ, ಅವಳಿಗೂ ತಾಗುತ್ತದೆ. ಆದರೆ ಸುಳ್ಳು ಹೊಳೆಯಲಿಲ್ಲ, ಹೇಳಿಬಿಟ್ಟ. ರಂಜಿತ ನಿಂಬೆಹಣ್ಣು ಒರೆಸುವುದನ್ನು ನಿಲ್ಲಿಸಲಿಲ್ಲ.

"ನಂದೂ ತಗೊಂಡಿದ್ರು," ಎಂದಳು. "ನಿಮ್ಮಕ್ಕನ ಮಗಂಗೆ ನಾಮಕರಣ ಆಯ್ತಲ್ಲ, ಆವತ್ತು. ಅವರತ್ತೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನೀವು ನಕ್ರಿ. ಸಮಾಜಶಾಸ್ತ್ರ ಅಂತ ಏನೋ ಅಂದ್ರಿ."

ಅವನಿಗೆ ನೆನಪಾಗಲಿಲ್ಲ. ನಕ್ಕಿರಬಹುದು, ಆ ವಯಸ್ಸಿನಲ್ಲಿ ಅವನು ಬಹಳ ವಿಷಯಕ್ಕೆ ನಗುತ್ತಿದ್ದ. ನೀನೇನು ಮಾಡಿದೆ ಆಗ ಎಂದು ಕೇಳಿದ. ಏನು ಮಾಡೋದು, ಎಂದಳು ರಂಜಿತ, ಪಾಪ ಮುದುಕಿಗೆ ಬಗ್ಗೋಕಾಗ್ತಿರಲಿಲ್ಲ, ಕಾಲೆತ್ತಿ ಕೊಟ್ಟೆ. ನಿಂಬೆಹಣ್ಣನ್ನು ಚೀಲಕ್ಕೆ ಹಾಕಿ, ಉಪ್ಪಿನ ಪೊಟ್ಟಣ ಬೇರೆ ಇಟ್ಟಿದೀನಿ, ಎಂದು ಹೇಳಿ ಒಳಗೆ ಹೋದಳು. ಬೈರೇಶ್ ಬಲಗಾಲಿಗೂ ಸೋಪು ಹಾಕಿಕೊಂಡ. ಎರಡೂ ಒಂದೇ ಥರ ಇರಲಿ ಎನ್ನಿಸಿತು.

ತಂಡದಲ್ಲಿ ಅವನವರು ಅನ್ನುವವರು ಯಾರೂ ಇರಲಿಲ್ಲ. ಅವನು ಯಾವತ್ತೂ ಸ್ಟಿಕ್ ಹಿಡಿದವನೂ ಅಲ್ಲ. ಕೆಲವು ವರ್ಷದ ಹಿಂದೆ ಹೈಸ್ಕೂಲಿಗೆ ಬಂದ ಪೀಟಿ ಮೇಷ್ಟ್ರು ವೇಣುಗೋಪಾಲ್ ಎಲ್ಲಿಂದಲೋ ಹಳೆಯ ಹಾಕಿ ಸ್ಟಿಕ್ಕುಗಳನ್ನು ಒಂದು ಕಂತೆ ಕಟ್ಟಿ ತಂದಿದ್ದರು. ಹುಡುಗಿಯರು ಸಂಜೆ ಅವನ್ನು ಹೆಗಲ ಮೇಲೆ ಹಾಕಿಕೊಂಡು ಡೈರಿಯ ಮುಂದೆ ಕೆರೆಯಂಗಳಕ್ಕೆ ಹೋಗುವುದನ್ನು ನೋಡಿ, ಇದೇನು ಸೌದೆಗೆ ಹೊರಟವಾ ಎಂದು ಕ್ಯೂನಲ್ಲಿದ್ದವರು ನಗುತ್ತಿದ್ದರು. ಬೈರೇಶ್ ಒಂದು ದಿನ ಹಾಲು ಶುರುವಾಗುವ ಮುಂಚೆ ಸುಮ್ಮನೆ ಹೋಗಿ ನಿಂತ. ಆಮೇಲೆ ದಿನಾ ನಿಂತ. ಮೊಬೈಲಿನಲ್ಲಿ ದೊಡ್ಡವರ ಪಂದ್ಯ ನೋಡಿ ಡಿ ಎಂದರೇನು, ಪೆನಾಲ್ಟಿ ಕಾರ್ನರ್ ಯಾವಾಗ ಕೊಡುತ್ತಾರೆ ಎಂದು ಕಲಿತ. ಯಾವ ಹುಡುಗಿ ಯಾವ ವರ್ಷ ಯಾವ ವಯಸ್ಸಿನ ತಂಡಕ್ಕೆ ಬರುತ್ತಾಳೆ, ಕೀರ್ತನ ಹತ್ತನೇ ಕ್ಲಾಸು ಮುಗಿಸಿ ಹೋದರೆ ಗೋಲಿಗೆ ಯಾರು, ಎಂಟನೇ ಕ್ಲಾಸಿನ ನವ್ಯಶ್ರೀ ಅಷ್ಟರಲ್ಲಿ ತಯಾರಾಗುತ್ತಾಳೋ ಇಲ್ಲವೋ ಎಂದು ನೀರು ಬೆರೆತಿದೆಯೇ ಎಂದು ಹಾಲಿಗೆ ಡಿಗ್ರಿ ಹಾಕಿ ನೋಡುವಾಗಲೂ ಲೆಕ್ಕ ಹಾಕುತ್ತಿದ್ದ. ಇನ್ನು ಮೂರು ವರ್ಷದಲ್ಲಿ ಈ ಊರಿಂದ ರಾಜ್ಯಕ್ಕೆ ಇಬ್ಬರು ಎಂದು ಒಂದು ದಿನ ಅನ್ನಿಸಿದರೆ, ಮಾರನೆಯ ದಿನ ಇಬ್ಬರಿಗೆ ಜ್ವರ ಬಂದು ತಂಡವೇ ಮುಗಿಯಿತು ಎನ್ನಿಸುತ್ತಿತ್ತು. ಇರುವುದೇ ಹನ್ನೆರಡು ಜನ. ಅವನ ಆಸೆಯೂ ಆತಂಕವೂ ಬೇರೆ ಬೇರೆಯಾಗಿರಲಿಲ್ಲ. ಒಂದೇ ಹಾಲನ್ನು ಎರಡು ಸಲ ಅಳೆದ ಹಾಗೆ.

ಅವನ ತಪ್ಪೆಂದರೆ ಬಾಯಿ. ಎರಡು ವಾರದ ಕೆಳಗೆ, ಅಮ್ಮಯಮ್ಮನ ಮೊಮ್ಮಗಳು ಚಂದನ ಮೂರು ಜನರನ್ನು ದಾಟಿ ಚೆಂಡನ್ನು ಗೋಲಿಗೆ ತಳ್ಳಿದಾಗ, ಬದುವಿನ ಮೇಲೆ ಕೂತಿದ್ದವರೆಲ್ಲ ಕೇಳುವಂತೆ, "ಈ ಹುಡುಗಿ ಇಂಡಿಯಾಗ್ ಆಡ್ತಾಳೆ, ಇವತ್ತೇ ಹೇಳಿರ್ತೀನಿ ಕೇಳ್ಕೊಳ್ಳಿ," ಎಂದಿದ್ದ. ಅಂದು ಬಾಯಿ ಮುಚ್ಚುವುದರೊಳಗೆ, ವಾಪಸು ಓಡುತ್ತಿದ್ದ ಚಂದನಳ ಕಾಲು, ಹಸುವಿನ ಗೊರಸು ಊರಿ ಒಣಗಿದ್ದ ಗುಳಿಯೊಂದಕ್ಕೆ ಬಿದ್ದು ತಿರುಚಿತು. ಅವಳು ಕೂಗಲಿಲ್ಲ, ಸುಮ್ಮನೆ ಕೂತುಬಿಟ್ಟಳು. ಎಲ್ಲರೂ ಮೊದಲು ಅವಳ ಕಡೆ ನೋಡಿದರು, ಆಮೇಲೆ ಇವನ ಕಡೆ. ಚಿಕ್ಕಬೀರಪ್ಪ ಅಲ್ಲೇ ಕೂತಿದ್ದ. ಹಿಂದೆ ಇವನು, ಎಂಥಾ ನೊರೆ ನೋಡಿ ಇವರ ಹಾಲಿಗೆ, ಎಂದ ವಾರವೇ ಚಿಕ್ಕಬೀರಪ್ಪನ ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಚಿಕ್ಕಬೀರಪ್ಪ ಬೀಡಿ ನಂದಿಸಿ ಎದ್ದು ಹೋದ.

ಮುನಿರಾಜ್ ಹಾರ್ನ್ ಹೊಡೆದ. ಮುನಿರಾಜ್ ಇವನ ಜೊತೆ ಓದಿದವನು, ಟೆಂಪೋ ಓಡಿಸುತ್ತಾನೆ. ಜಿಲ್ಲೆಯ ಜೂನಿಯರ್ ಪಂದ್ಯ ಆವತ್ತು ದೇವನಹಳ್ಳಿಯಲ್ಲಿತ್ತು. ಗೆದ್ದವರು ಮುಂದಿನ ಸುತ್ತಿಗೆ. ಹುಡುಗಿಯರನ್ನು ಸ್ಕೂಲಿನ ಗೇಟಿನಲ್ಲಿ ಹತ್ತಿಸಿಕೊಳ್ಳಬೇಕು, ಅದಕ್ಕೆ ಮೊದಲು ಇವನು. ಬೈರೇಶ್ ಚೀಲ ಹಿಡಿದು ಮುಂದಿನ ಸೀಟಿಗೆ ಹತ್ತಿದ. ಟೆಂಪೋದೊಳಗೆ ನಿನ್ನೆ ಮಾರುಕಟ್ಟೆಗೆ ಹೋಗಿದ್ದ ಅವರೆಕಾಯಿಯ ಸೊಗಡು ಇನ್ನೂ ಇತ್ತು.

"ಲೇ ಬೈರ, ಇವತ್ತು ಬಾಯಿಗೊಂದು ಪಿನ್ ಹಾಕ್ಕೊಂಡ್ ಬಿಡು ಗುರು," ಎಂದ ಮುನಿರಾಜ್. ನಗುತ್ತಲೇ ಹೇಳಿದ. ಆಮೇಲೆ ಗೇರು ಬದಲಿಸುತ್ತ ಉಳಿದದ್ದನ್ನೂ ಹೇಳಿದ. ನಿನ್ನೆ ಸಂಜೆ ಅಮ್ಮಯಮ್ಮ ಮೇಷ್ಟ್ರ ಮನೆಗೇ ಹೋಗಿದ್ದಳಂತೆ. ಮೂಳೆಗೇನೂ ಆಗಿಲ್ಲ ಎಂದು ಡಾಕ್ಟರೂ ಹೇಳಿದ್ದಾರೆ, ಕಟ್ಟು ಕಟ್ಟಿದವನೂ ಹೇಳಿದ್ದಾನೆ, ಆದರೂ ಅವಳಿಗೆ ಸಮಾಧಾನವಿಲ್ಲ. ಚಂದನಳ ಅಮ್ಮ ಗಾರ್ಮೆಂಟ್ಸಿಗೆ ಹೋಗುವವಳು, ಮನೆಯಲ್ಲಿ ಮುದುಕಿಯ ಮಾತೇ ನಡೆಯುವುದು. ಬೆಳಿಗ್ಗೆ ದೃಷ್ಟಿ ತೆಗೆದು ಕಳಿಸುತ್ತೇನೆ, ಆಡಲಿ, ಎಂದಿದ್ದಾಳೆ. ಕಣ್ಣು ತೆಗೆದ ಮೇಲೂ ಅವಳು ಎಡವಿದರೆ ಅದು ಕಣ್ಣಿನದಲ್ಲ, ಕಾಲಿನದು. ಕಣ್ಣಿನದಾದರೆ ಎಷ್ಟು ಸಲವಾದರೂ ತೆಗೆಯಬಹುದು. ಕಾಲಿನದಾದರೆ ಇನ್ನು ಆಟ ಸಾಕು, ಹೆಣ್ಣುಮಗುವಿನ ಕಾಲು, ನಾಳೆ ಹೆಚ್ಚುಕಮ್ಮಿಯಾದರೆ ಯಾರು ನೋಡುತ್ತಾರೆ. "ಕಾಲಿಂದೋ ಕಣ್ಣಿಂದೋ ನಾಳೆ ಗೊತ್ತಾಗೋಗ್ತದೆ ಮೇಷ್ಟ್ರೇ ಅಂದ್ಲಂತೆ," ಎಂದ ಮುನಿರಾಜ್. ಚಂದನ ನಿಂತರೆ ಕೀರ್ತನಳ ಮನೆಯಲ್ಲೂ ನಿಲ್ಲಿಸುತ್ತಾರೆ, ಅವರದು ಒಂದೇ ಬೀದಿ. ಅಲ್ಲಿಗೆ ಹತ್ತು ಜನ. ಹತ್ತು ಜನಕ್ಕೆ ಯಾರೂ ಪಂದ್ಯ ಆಡಿಸುವುದಿಲ್ಲ.

ಬೈರೇಶ್ ಯೋಚಿಸಿದ. ಯೋಚಿಸಿದಷ್ಟೂ ಮುದುಕಿಯ ಏರ್ಪಾಟು ಅವನಿಗೆ ಸರಿಯಾಗಿಯೇ ಕಂಡಿತು. ಪರೀಕ್ಷೆ ಎಂದರೆ ಹಾಗೇ ಅಲ್ಲವೆ, ಒಂದನ್ನು ತೆಗೆದು ಇನ್ನೊಂದನ್ನು ನೋಡುವುದು. ಆದರೆ ಈ ಪರೀಕ್ಷೆ ಸರಿಯಾಗಬೇಕಾದರೆ ಕಣ್ಣು ನಿಜವಾಗಿಯೂ ಅಲ್ಲಿರಬಾರದು. ತಾನು ಗೆರೆಯ ಹತ್ತಿರ ನಿಂತು ನೋಡಿದರೆ, ತೆಗೆದದ್ದು ಮತ್ತೆ ಕೂತಿತು ಎನ್ನುತ್ತಾರೆ. ಹುಡುಗಿ ಗೆದ್ದರೂ ಸೋತರೂ ಅದರಲ್ಲಿ ತನ್ನದೊಂದು ಪಾಲು ಇರುತ್ತದೆ. ಹೋಗದೆ ಉಳಿದುಬಿಡಬಹುದಿತ್ತು, ಹೊಟ್ಟೆನೋವು ಎನ್ನಬಹುದಿತ್ತು. ಆದರೆ ಚೀಲ ತೊಡೆಯ ಮೇಲಿತ್ತು, ಟೆಂಪೋ ಸ್ಕೂಲಿನ ಗೇಟಿಗೆ ಬಂದಿತ್ತು.

ಚಂದನ ಕೊನೆಯಲ್ಲಿ ಹತ್ತಿದಳು. ಅವಳ ಕೂದಲಿನಿಂದ ಸುಟ್ಟ ಮೆಣಸಿನಕಾಯಿಯ ಹೊಗೆ ವಾಸನೆ ಬರುತ್ತಿತ್ತು. ಸಾಕ್ಸು ಎಳೆದುಕೊಳ್ಳುವಾಗ ಹಿಮ್ಮಡಿಯ ಮೇಲೆ ಕಾಡಿಗೆ ಬೊಟ್ಟು ಕಾಣಿಸಿತು. ಬೈರೇಶನಿಗೆ ಕೇಳಬೇಕೆನ್ನಿಸಿದ್ದು ಒಂದೇ: ಘಾಟು ಎದ್ದಿತಾ? ಕೇಳಿದರೆ ಏನರ್ಥ. ಅವನು ಕಿಟಕಿಯ ಕಡೆ ತಿರುಗಿದ. ಕುಂದಾಣದ ಕಡೆಯಿಂದ ಬರುವ ದಾರಿ ಸೇರುವಲ್ಲಿ ಎರಡು ಕಡೆಯೂ ದ್ರಾಕ್ಷಿ ಚಪ್ಪರಗಳು, ಒಂದು ಕಡೆ ಚಪ್ಪರ ಕಿತ್ತು ಸೈಟಿನ ಕಲ್ಲು ನೆಟ್ಟಿದ್ದರು. ಹಿಂದೆ ಹುಡುಗಿಯರು ಯಾರಿಗೋ ಅಡ್ಡಹೆಸರಿಟ್ಟು ನಗುತ್ತಿದ್ದರು. ಚಂದನಳ ನಗು ಆ ನಗುವಿನೊಳಗೆ ಇದೆಯೋ ಇಲ್ಲವೋ ಎಂದು ಅವನು ಬೇರ್ಪಡಿಸಿ ಕೇಳಲು ನೋಡಿದ. ಆಮೇಲೆ, ಕೇಳುವುದೂ ನೋಡಿದ ಹಾಗೆಯೇ ಏನೋ ಎನ್ನಿಸಿ ಅದನ್ನೂ ಬಿಟ್ಟ.

ಮೈದಾನದ ಸುತ್ತ ಗೋಡೆಯಿತ್ತು. ಟೆಂಪೋವನ್ನು ಹೊರಗೆ ಗೋಡೆಯ ಪಕ್ಕ ನಿಲ್ಲಿಸಿದರು. ಬೈರೇಶ್ ಮೇಷ್ಟ್ರಿಗೆ, ಬ್ಯಾಗುಗಳಿಗೆ ಒಬ್ಬರು ಇರಬೇಕು, ಹೋದ ಸಲ ಯಾರದೋ ಬೂಟು ಕಳೆದಿತ್ತು, ನಾನಿಲ್ಲೇ ಇರುತ್ತೇನೆ, ಎಂದ. ವೇಣುಗೋಪಾಲ್ ಅವನ ಮುಖ ನೋಡಿದರು. ಅವರಿಗೆ ಗೊತ್ತಾಯಿತು. ಬನ್ನಿ ಅನ್ನುತ್ತಾರೇನೋ ಎಂದು ಬೈರೇಶ್ ಒಂದು ಕ್ಷಣ ಕಾದ. ಅವರು ಮರ್ಯಾದಸ್ಥರು, ಆಯ್ತು ಬೈರೇಶ್, ನಿಮಗೆ ತೊಂದರೆ, ಎಂದರು. ಹುಡುಗಿಯರು ಒಳಗೆ ಹೋಗುವಾಗ ಚಂದನ ಮಾತ್ರ ತಿರುಗಿ ಬಂದು ಚಪ್ಪಲಿಯ ಚೀಲ ಅವನ ಕೈಗೆ ಕೊಟ್ಟಳು.

"ಡೈರಿ ಮಾಮ, ನೀವು ಗೆರೆ ಹತ್ರಾನೇ ನಿಂತ್ಕೊಳ್ಳಿ. ನೀವು ಕೂಗಿದ್ರೆ ಹಿಂದೆ ಯಾರಿದಾರೆ ಅಂತ ಗೊತ್ತಾಗುತ್ತೆ ನಂಗೆ."

"ಬರ್ತೀನಿ, ನಡಿ," ಎಂದ.

ಗೋಡೆಯ ಮೇಲೆ ಬೋರ್‌ವೆಲ್ ಕೊರೆಯುವವರ ಜಾಹೀರಾತು ಬರೆದಿತ್ತು. ನೀರು ಬಾರದಿದ್ದರೆ ಎಂದು ಶುರುವಾಗುವ ಸಾಲು ಪೂರ್ತಿಯಾಗುವ ಕಡೆ ಗಾರೆ ಉದುರಿತ್ತು. ಬೈರೇಶ್ ಟೆಂಪೋದ ಮೆಟ್ಟಿಲ ಮೇಲೆ ಗೋಡೆಗೆ ಮುಖ ಮಾಡಿ ಕೂತ. ಸೀಟಿ ಊದಿದ್ದು ಕೇಳಿಸಿತು. ನೋಡದಿದ್ದರೂ ಎಲ್ಲ ಗೊತ್ತಾಗುತ್ತಿತ್ತು. ಸ್ಟಿಕ್ಕಿಗೆ ಚೆಂಡು ತಗಲಿದ ಸದ್ದು ಬೇರೆ, ಸ್ಟಿಕ್ಕಿಗೆ ಸ್ಟಿಕ್ ತಗಲಿದ್ದು ಬೇರೆ. ಮೇಷ್ಟ್ರು ಅಗಲ, ಅಗಲ, ಎಂದರೆ ಬಲಗಡೆಯವಳು ಒಳಗೆ ನುಗ್ಗಿದ್ದಾಳೆ ಎಂದರ್ಥ. ಅವನ ಬಾಯಿ ತಾನಾಗಿಯೇ ತೆರೆದು ಮುಚ್ಚುತ್ತಿತ್ತು. ಚಂದನಳ ಹೆಸರನ್ನು ಯಾರೂ ಕೂಗುತ್ತಿರಲಿಲ್ಲ. ಆಡುವವಳ ಹೆಸರು ಕೂಗುತ್ತಾರೆ, ಕೂಗುತ್ತಿಲ್ಲವೆಂದರೆ ಅವಳು ಆಡುತ್ತಿಲ್ಲ. ಗಾಲಿ ಇಳಿಸಿಕೊಂಡು ಹೊಟ್ಟೆ ಕಾಣುವಷ್ಟು ಕೆಳಗೆ ಬಂದ ವಿಮಾನವೊಂದು ಎಲ್ಲ ಸದ್ದನ್ನೂ ಒತ್ತಿಕೊಂಡು ಹೋಯಿತು. ಅದು ದಾಟಿದ ಮೇಲೂ ಆಟ ಅಲ್ಲೇ ಇತ್ತು. ಹಾಫ್ ಟೈಮಿಗೆ ಮುನಿರಾಜ್ ಬಂದು ನಿಂಬೆಹಣ್ಣಿನ ಚೀಲ ತೆಗೆದುಕೊಂಡು, ಇಬ್ಬರದೂ ಸೊನ್ನೆ, ಎಂದಷ್ಟೇ ಹೇಳಿ ಹೋದ. ರಂಜಿತ ಬೇರೆಯಾಗಿ ಕಟ್ಟಿದ್ದ ಉಪ್ಪಿನ ಪೊಟ್ಟಣ ಸೀಟಿನ ಮೇಲೆಯೇ ಉಳಿಯಿತು. ಕೂಗಿ ಕರೆಯೋಣವೆಂದು ಎದ್ದವನು, ಗೇಟಿನಿಂದ ಮೈದಾನ ಕಾಣುತ್ತದೆಂದು ಮತ್ತೆ ಕೂತ.

ಕೊನೆಗೆ ಇನ್ನೇನು ಮುಗಿಯಿತು ಎನ್ನುವಾಗ ಇನ್ನೊಂದು ವಿಮಾನ ಬಂತು. ಅದರ ಸದ್ದಿನೊಳಗೆ ಕೂಗು ಎದ್ದಿತು. ಯಾರ ಕೂಗೆಂದು ತಿಳಿಯಲಿಲ್ಲ. ವಿಮಾನ ದೂರವಾದಂತೆ ಕೂಗು ತಿಳಿಯಾಗುತ್ತ ಬಂತು. ಅವನಿಗೆ ಗುರುತಿಲ್ಲದ ಗಂಟಲುಗಳು. ನಮ್ಮವು ಸುಮ್ಮನಿದ್ದವು. ಹೋಯಿತು. ಆಗ ಬೈರೇಶನ ಭುಜಗಳು ಇಳಿದವು, ಚಪ್ಪಲಿ ಚೀಲವನ್ನು ಬಿಗಿಯಾಗಿ ಹಿಡಿದಿದ್ದ ಕೈ ಸಡಿಲವಾಯಿತು. ನಾನು ನೋಡಲಿಲ್ಲವಲ್ಲ, ಎಂದುಕೊಂಡ. ಚಂದನಳ ಹೆಸರಿಗಿಂತ ಮೊದಲು, ತಂಡ ಏನಾಗುತ್ತದೆ ಎನ್ನುವುದಕ್ಕಿಂತ ಮೊದಲು ಬಂದದ್ದು ಅದು. ನೋಡಲಿಲ್ಲ, ಆದರೂ ಸೋತರು, ಹಾಗಾದರೆ ನನ್ನದಲ್ಲ. ಬೆಳಗಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಎದ್ದು ಹೋದ ಹಾಗೆ ಒಂದು ಉಸಿರು ಸಲೀಸಾಗಿ ಹೊರಗೆ ಹೋಯಿತು. ಅದು ಪೂರ್ತಿ ಹೋಗುವುದರೊಳಗೆ ಅವನಿಗೆ ಅದು ಏನೆಂದು ಗೊತ್ತಾಯಿತು. ಅವನು ಸಂತೋಷಪಟ್ಟಿದ್ದ. ಇಷ್ಟು ಹೊತ್ತು, ಗೋಡೆಗೆ ಮುಖ ಮಾಡಿ ಕೂತು, ಒಂದು ಕಡೆ ಗೆಲ್ಲಲಿ ಎನ್ನುತ್ತಲೇ ಇನ್ನೊಂದು ಕಡೆ ಇದನ್ನೇ ಕಾಯುತ್ತಿದ್ದನೋ ಏನೋ. ಅಮ್ಮಯಮ್ಮ ಸೆರಗಿನಲ್ಲಿ ಕಟ್ಟಿಕೊಂಡು ಹೋದದ್ದು ಯಾವುದನ್ನು ಎಂದು ಅವನಿಗೆ ಈಗ ಸಂಶಯ ಉಳಿಯಲಿಲ್ಲ. ಕಣ್ಣು ಎಂದರೆ ಬಹುಶಃ ಇದೇ ಇರಬಹುದು, ಅದಕ್ಕೆ ನೋಡಲೇಬೇಕೆಂದಿಲ್ಲ.

ಮುನಿರಾಜ್ ಬಂದು ಟೈರಿಗೆ ಒದ್ದು, ಹೋಯ್ತು ಗುರು, ಎಂದ. ಚಂದನ ಕಾಲೇನೂ ನೋವಿಲ್ಲ ಅಂತಾಳೆ, ಓಡ್ತಾನೂ ಇದ್ಲು, ಆದ್ರೆ ಗೋಲ್ ಮುಂದೆ ಒಬ್ಬಳೇ ಸಿಕ್ಕಾಗ ಚೆಂಡೇ ಬಿಟ್ಟುಬಿಟ್ಟಳು, ಅಲ್ಲಿಂದಲೇ ಅವರು ಎತ್ತಿಕೊಂಡು ಹೋಗಿ ಹೊಡೆದರು, ಎಂದ.

ಟೆಂಪೋ ವಾಪಸು ಹೊರಟಿತು. ವಿಶ್ವನಾಥಪುರ ಬರುವಷ್ಟರಲ್ಲಿ ಯಾರೋ ಕಡ್ಲೆಪುರಿ ಬಿಚ್ಚಿದರು, ಕೀರ್ತನ ಎದುರು ತಂಡದ ಗೋಲ್‌ಕೀಪರಳ ನಡಿಗೆಯನ್ನು ಅಣಕಿಸಿದಳು, ನಗು ಶುರುವಾಯಿತು. ಮಕ್ಕಳಿಗೆ ಸೋಲು ಅಷ್ಟೇ ಹೊತ್ತು ಎಂದು ಬೈರೇಶನಿಗೆ ಹೊಟ್ಟೆಕಿಚ್ಚಾಯಿತು. ಆಮೇಲೆ, ಇದೂ ಕಣ್ಣೇ ಏನೋ ಎಂದು ಹೆದರಿದ. ಚಂದನ ಹಿಂದಿನಿಂದ ಎದ್ದು ಬಂದು ಇಂಜಿನ್ನಿನ ಮೇಲಿನ ಪೆಟ್ಟಿಗೆಯ ಮೇಲೆ ಅವನ ಪಕ್ಕ ಕೂತಳು. ಸಾಕ್ಸು ಬಿಚ್ಚಿದ್ದಳು. ಬೆವರಿಗೆ ಕಾಡಿಗೆ ಬೊಟ್ಟು ಹರಡಿ ಹಿಮ್ಮಡಿಯೆಲ್ಲ ಕಪ್ಪಾಗಿತ್ತು.

"ನೀವು ಬರಲೇ ಇಲ್ಲ," ಎಂದಳು.

ಅವನು ಬ್ಯಾಗುಗಳ ವಿಷಯ ಹೇಳಿದ. ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಕಾಲು ಚೆನ್ನಾಗೇ ಇದೆ ಮಾಮ. ಅಜ್ಜಿ ಬೆಳಿಗ್ಗೆ ಹೇಳಿದ್ಲಲ್ಲ, ಅದಕ್ಕೆ ಕಾಲನ್ನೇ ನೋಡ್ಕೊಂಡು ಆಡ್ತಿದ್ದೆ. ಆ ಚೆಂಡು ಬಂದಾಗ್ಲೂ ಕಾಲು ನೋಡ್ಕೊತಿದ್ದೆ. ಚೆಂಡು ನೋಡ್ಲೇ ಇಲ್ಲ." ಬಿಚ್ಚಿದ ಸಾಕ್ಸು ಮಡಿಸುತ್ತ, "ಇನ್ಮೇಲೆ ಕಳ್ಸಲ್ಲ ಬಿಡಿ," ಎಂದಳು. ಅಳಲಿಲ್ಲ. ಹಿಮ್ಮಡಿಯ ಕಪ್ಪನ್ನು ಬೆರಳಿನಿಂದ ಉಜ್ಜುತ್ತ ಕೂತಳು. ಅದು ಇನ್ನಷ್ಟು ಹರಡಿತು. ಬೈರೇಶ್ ಒದ್ದೆ ಬಟ್ಟೆ ಕೊಟ್ಟ.

ಸಂಜೆ ಡೈರಿಯಲ್ಲಿ ಎಂದಿನ ಹಾಗೆ ಜನ ಸಾಲಾಗಿ ನಿಂತಿದ್ದರು. ಸೋತ ಸುದ್ದಿ ಅವರಿಗಿಂತ ಮುಂಚೆ ಊರು ಸೇರಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಆದರೆ ಬೈರೇಶ್ ಹಾಲು ನೋಡಲು ಬಗ್ಗಿದಾಗಲೆಲ್ಲ ಕ್ಯಾನಿನವರು ಅವನ ಮುಖ ನೋಡುತ್ತಿದ್ದರು. ಅಮ್ಮಯಮ್ಮ ಸಾಲಿನ ಮಧ್ಯದಲ್ಲಿದ್ದಳು, ಅವಳ ಹಿಂದೆ ಚಿಕ್ಕಬೀರಪ್ಪ. ಅವಳ ಸರದಿ ಬಂದಾಗ ಹಾಲು ಸುರಿದಳು. ಅವನು ಎಷ್ಟು ಲೀಟರೆಂದು ಹೇಳಿದ. ಅವಳು ಕ್ಯಾನು ತೆಗೆದುಕೊಂಡು ಹೋಗಲಿಲ್ಲ.

"ಮಗು ಬಂದು ಮೂಲೇಲಿ ಕೂತದೆ ಕಣಪ್ಪ. ಕಾಲು ನೋಯ್ತದಾ ಅಂದ್ರೆ ಇಲ್ಲ ಅಂತದೆ. ಆಡ್ಬೇಕು ಅಂತ ಸುಳ್ಳು ಹೇಳ್ತದೋ ಏನೋ ನಂಗೇನ್ ಗೊತ್ತಾಗ್ತದೆ. ನೀನು ಸುಳ್ಳು ಹೇಳೋನಲ್ಲ. ಕಾಲಿಂದೇನಾ?"

ಸಾಲಿನಲ್ಲಿದ್ದವರು ಕತ್ತು ಚಾಚಿದರು. ಈ ಜನ ಬೆಳಿಗ್ಗೆ ಸಂಜೆ ಅವನು ಹೇಳಿದ ಡಿಗ್ರಿಯನ್ನು ಒಪ್ಪಿಕೊಂಡು ಹೋಗುವವರು. ಹಾಲಿಗೆ ನೀರು ಬೆರೆತಿದೆ ಎಂದರೆ ಗೊಣಗಿದರೂ ಒಪ್ಪುತ್ತಾರೆ. ಬೈರೇಶ್ ಏನು ಹೇಳಬೇಕೆಂದು ಹುಡುಕಿದ. ಕಾಲಿನದಲ್ಲ, ಹೆದರಿಕೆ, ಎನ್ನಬಹುದಿತ್ತು. ಅದು ನಿಜವಾಗಿತ್ತು. ಆದರೆ ಮುದುಕಿಯ ಲೆಕ್ಕದಲ್ಲಿ ಇದ್ದದ್ದು ಎರಡೇ ಮನೆ, ಹೆದರಿಕೆ ಕಾಲಿನ ಮನೆಗೇ ಹೋಗಿ ಬೀಳುತ್ತದೆ. ಹೆದರುವ ಮಗುವನ್ನು ಯಾಕೆ ಕಳಿಸಲಿ ಎನ್ನುತ್ತಾಳೆ. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ದೊಡ್ಡಮ್ಮ, ಎನ್ನಬಹುದಿತ್ತು. ಅದಕ್ಕೂ ಅದೇ ಉತ್ತರ. ಕಣ್ಣು ಸುಳ್ಳಾದರೆ ಉಳಿಯುವುದು ಕಾಲು. ತಾನು ಬೆಳಗಿನಿಂದ ಗೋಡೆ ನೋಡಿಕೊಂಡು ಕೂತು, ಪರೀಕ್ಷೆಯನ್ನು ಇಷ್ಟು ಶುದ್ಧವಾಗಿ ನಡೆಸಿಕೊಟ್ಟು, ಆ ಹುಡುಗಿಯ ಕಾಲಿನ ಮೇಲೆ ಎಲ್ಲವನ್ನೂ ಹೊರಿಸಿ ಬಂದಿದ್ದೇನೆ. ತಾನು ಗೋಡೆಯ ಆಚೆಗಿದ್ದದ್ದು ಮುನಿರಾಜನಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತು, ಚಂದನಳಿಗೂ ಗೊತ್ತು. ಅವರು ಹೇಳಲಾರರು. ವಿಮಾನದ ಸದ್ದಿನೊಳಗಿಂದ ಎದ್ದ ಕೂಗು ಮತ್ತೆ ನೆನಪಾಯಿತು, ಆಮೇಲೆ ಬಂದ ಉಸಿರು.

"ಕಾಲಿಂದಲ್ಲ ದೊಡ್ಡಮ್ಮ," ಎಂದ. "ನಾನು ನೋಡ್ತಿದ್ದೆ."

"ನೀನು ನೋಡ್ದಾ?"

"ನೋಡ್ದೆ. ಶುರುವಿಂದ ಕೊನೇವರೆಗೂ ನೋಡ್ದೆ. ಸುಮ್ನೆ ಇರೋಕಾಗ್ಲಿಲ್ಲ, ಬಾಯಲ್ಲೂ ಅಂದ್ಬಿಟ್ಟೆ. ಇವಳಂಗೆ ಆಡೋರು ಈ ಜಿಲ್ಲೇಲೇ ಇಲ್ಲ ಅಂತ. ಅಂದ್ಮೇಲೇ ಆ ಚೆಂಡು ತಪ್ಪಿದ್ದು."

ಚಿಕ್ಕಬೀರಪ್ಪ ತನ್ನ ಕ್ಯಾನಿನ ಮುಚ್ಚಳ ಹಾಕಿದ. ಹಿಂದೆ ಯಾರೋ ಹೆಂಗಸು ಸೊಂಟದ ಮೇಲಿದ್ದ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿಕೊಂಡಳು. ನಾಳೆಯಿಂದ ಇದು ಹೀಗೇ ಇರುತ್ತದೆ ಎಂದು ಬೈರೇಶನಿಗೆ ಗೊತ್ತಿತ್ತು. ರಂಜಿತಳಿಗೆ ಇವತ್ತೇ ಹೇಳಬೇಕು. ಅಮ್ಮಯಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳ ಮುಖ ಸಡಿಲವಾಯಿತು, ಭುಜ ಇಳಿಯಿತು. ಆ ಇಳಿಯುವಿಕೆಯನ್ನು ಅವನು ಗುರುತಿಸಿದ.

"ಅಲ್ಲ ಕಣಪ್ಪ, ಓದ್ದೋನು ನೀನು. ಬಾಯಿ ತಡ್ಕೋಬಾರ್ದಾ," ಎಂದಳು, ಮಗನಿಗೆ ಹೇಳುವಂತೆ.

"ತಪ್ಪಾಯ್ತು. ನಾಳೆ ಪ್ರಾಕ್ಟೀಸಿಗೆ ಕಳಿಸಿ. ನಾನು ಕೆರೆ ಕಡೆ ಬರಲ್ಲ. ಇನ್ಮೇಲೆ ಬರಲ್ಲ."

ಅವಳು ತಲೆಯಾಡಿಸಿ ಕ್ಯಾನು ಎತ್ತಿಕೊಂಡಳು. ಚಿಕ್ಕಬೀರಪ್ಪ ಮುಚ್ಚಳ ತೆಗೆದು, ಅವನ ಕಡೆ ನೋಡದೆ ಹಾಲು ಸುರಿದ. ಒಳ್ಳೆಯ ಹಾಲೇ. ಬೈರೇಶ್ ಲೀಟರು ಮಾತ್ರ ಹೇಳಿದ. ಇನ್ನು ಚೆಂಡಿನ ಸದ್ದು ಇಲ್ಲಿ ತನಕ ಕೇಳಿಸುತ್ತದೆಯೋ ಇಲ್ಲವೋ, ಗಾಳಿ ಈ ಕಡೆಗಿದ್ದರೆ ಕೇಳಿಸಬಹುದು, ಎಂದು ಎಣಿಸುತ್ತ ಉಳಿದವರ ಹಾಲು ಅಳೆದ.

ಷಟರ್ ಎಳೆದು ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮಯಮ್ಮ ಹೋಗಿರಲಿಲ್ಲ. ಹುಣಸೆಮರದ ಹತ್ತಿರ ಕ್ಯಾನು ಕೆಳಗಿಟ್ಟು ನಿಂತಿದ್ದಳು. ಈ ಸಲ ಅವಳು ಏನೂ ಬೀಳಿಸಿಕೊಂಡಿರಲಿಲ್ಲ, ಏನೂ ಹುಡುಕುತ್ತಲೂ ಇರಲಿಲ್ಲ. ಸೆರಗಿನ ತುದಿಯನ್ನು ಬಿಡಿಸಿ ಅಂಗೈಯಲ್ಲಿ ಹಿಡಿದಿದ್ದಳು. ಬೈರೇಶ್ ಕೆಸರು ಬಿಟ್ಟು, ಪುಡಿಮಣ್ಣು ಇರುವ ಕಡೆ ಬಂದು ನಿಂತ. ಎಡಗಾಲನ್ನು ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಅಂಚು ಕೆಡದ ಹಾಗೆ ಮೆಲ್ಲಗೆ ಎತ್ತಿದ. ಹೆಜ್ಜೆ ಚೆನ್ನಾಗಿ ಮೂಡಿತ್ತು, ಐದು ಬೆರಳೂ ಕಾಣುತ್ತಿದ್ದವು. ಅವಳಿಗೆ ಬಗ್ಗುವುದು ನಿಧಾನ. ಅವಳು ಮಣ್ಣೆತ್ತಿ, ಗಂಟು ಹಾಕಿ, ಮತ್ತೆ ನೆಟ್ಟಗಾಗುವ ತನಕ ಅವನು ಮರ ಹಿಡಿದುಕೊಂಡು ಒಂಟಿಕಾಲಿನಲ್ಲಿ ನಿಂತಿದ್ದ.